ಫೋಟೊದಲ್ಲಿ ಕಾಣದ ಕೊರತೆ

ಹೋದ ಬೇಸಗೆಯಲ್ಲಿ ನಮ್ಮ ತೋಟದ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ತಿಪಟೂರು ಕಡೆ ತೆಂಗು ಇಟ್ಟುಕೊಂಡವರಿಗೆ ಏಪ್ರಿಲ್‌ನಲ್ಲಿ ಮೋಟರ್ ಕೈಕೊಟ್ಟರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದ ಹಾಗೆ. ಗೂಡ್ಸ್ ಆಟೊದಲ್ಲಿ ಹಾಕಿಸಿಕೊಂಡು ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ಶಿಷ್ಯ. ಕೊಬ್ಬರಿ ರೇಟು, ಮಳೆ, ತೆಂಗಿನ ನುಸಿ ಎಲ್ಲವನ್ನೂ ಮಾತಾಡುತ್ತಲೇ ಸ್ಲಾಟಿನೊಳಗೆ ತಾಮ್ರದ ತಂತಿ ಸೇರಿಸುತ್ತ ಹೋದ. ಒಂದು ಸುತ್ತೂ ಲೆಕ್ಕ ತಪ್ಪಲಿಲ್ಲ. ಹಳೆಯ ಕಾಯಿಲ್ ಬಿಚ್ಚುವಾಗಲೇ ಅದು ಯಾಕೆ ಸುಟ್ಟಿತು, ನಮ್ಮ ಪ್ಯಾನಲ್ ಬೋರ್ಡಿನಲ್ಲಿ ಏನು ಕೆಟ್ಟಿರಬೇಕು ಎಂದು ತೋಟಕ್ಕೆ ಬರದೆಯೇ ಹೇಳಿದ. ಹೋಗಿ ನೋಡಿದರೆ ಹಾಗೇ ಇತ್ತು.

ಸಂಜೆ ದುಡ್ಡು ಕೊಡುವಾಗ ಬಿಲ್ ಪುಸ್ತಕ, ಪೆನ್ನು ಎರಡನ್ನೂ ನನ್ನ ಕಡೆ ತಳ್ಳಿದ. "ನೀವೇ ಬರ್ಕಳಿ ಸಾ."

ಬರೆದುಕೊಂಡೆ. ಸುಮ್ಮನೆ ಕುತೂಹಲಕ್ಕೆ ಹಿಂದಿನ ಹಾಳೆಗಳನ್ನು ತಿರುವಿದೆ. ಒಂದೊಂದು ಬಿಲ್ಲಿನಲ್ಲಿ ಒಂದೊಂದು ಕೈಬರಹ. ಗಿರಾಕಿಗಳೇ ತಮ್ಮ ತಮ್ಮ ಬಿಲ್ ಬರೆದುಕೊಂಡು ಹೋಗಿದ್ದರು. ಇಪ್ಪತ್ತು ವರ್ಷದಿಂದ ಅಂಗಡಿ ಹೀಗೇ ನಡೆದಿದೆಯಂತೆ.

1991ರಲ್ಲಿ ಅವನು ನನ್ನ ನಾಲ್ಕನೇ ತರಗತಿಯಲ್ಲಿದ್ದ. ನಾನು ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಒಳ್ಳೆಯ ಮೇಷ್ಟ್ರು ಎಂಬ ಹೆಸರೂ ಬಂದಿತ್ತು. ಪಾಠ ಹೇಳುವಾಗ ಅವನು ಎಲ್ಲರಿಗಿಂತ ಮುಂದೆ. ಬಾಯಿ ಲೆಕ್ಕ ಕೇಳಿದರೆ ಪಟ್ಟನೆ ಉತ್ತರ. ಉಕ್ತಲೇಖನ ಬಂತೆಂದರೆ ಮುಗಿಯಿತು. 'ಅಕ್ಕ' ಎಂದರೆ 'ಅಕ' ಬರೆಯುವನು. 'ವನ' ಒಂದು ಸಲ 'ಮನ', ಇನ್ನೊಂದು ಸಲ 'ಪನ'. 'ಕತ್ತೆ' ಎಂದರೆ 'ಕತೆ'. ಇದು ಉಡಾಫೆ ಎಂದು ನಾನು ತೀರ್ಮಾನಿಸಿದೆ. ಅಷ್ಟು ಚುರುಕಿನ ಹುಡುಗನಿಗೆ ಒತ್ತಕ್ಷರ ಬಾರದಿದ್ದರೆ ಅದು ಸೋಮಾರಿತನವಲ್ಲದೆ ಇನ್ನೇನು? ನೂರು ಸಲ 'ಕತ್ತೆ' ಬರೆದು ತರಲು ಹೇಳಿದೆ. ತಂದ. ಮೊದಲ ಹತ್ತು ಸರಿಯಾಗಿದ್ದವು. ಆಮೇಲೆ ಒತ್ತು ಜಾರುತ್ತ ಜಾರುತ್ತ 'ಕ'ದ ಕೆಳಗೆ ಬಂತು, ನಲವತ್ತರ ಹೊತ್ತಿಗೆ ಮಾಯವಾಗಿತ್ತು. ಆ ಹಾಳೆಯನ್ನು ಇಡೀ ತರಗತಿಗೆ ಎತ್ತಿ ತೋರಿಸಿ, "ಕತ್ತೆಗೇ ಕತ್ತೆ ಬರೆಯೋಕೆ ಬರಲ್ಲ ನೋಡ್ರೋ" ಎಂದೆ. ಮಕ್ಕಳು ನಕ್ಕರು. ನನ್ನ ಹಾಸ್ಯಕ್ಕೆ ನಾನೂ ನಕ್ಕೆ. ಏಳನೇ ತರಗತಿ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ.

ಅವನಿಗಿದ್ದದ್ದಕ್ಕೆ ಹೆಸರಿದೆ ಎಂದು ನನಗೆ ತಿಳಿಯುವ ಹೊತ್ತಿಗೆ ನನ್ನ ಅರ್ಧ ನೌಕರಿ ಮುಗಿದಿತ್ತು. ಓದಿನಲ್ಲಿ ತೊಡಕಾದರೆ ಡಿಸ್ಲೆಕ್ಸಿಯಾ, ಬರಹದಲ್ಲಾದರೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಾದರೆ ಡಿಸ್‌ಕ್ಯಾಲ್ಕುಲಿಯಾ. ಒಟ್ಟಾಗಿ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಬೌದ್ಧಿಕ ನ್ಯೂನತೆ ಬೇರೆ, ಇದು ಬೇರೆ. ಇಲ್ಲಿ ಬುದ್ಧಿಗೆ ಏನೂ ಆಗಿರುವುದಿಲ್ಲ. ಕಣ್ಣು, ಕಿವಿ ಸರಿಯಿರುತ್ತವೆ. ಕಿವಿಗೆ ಬಿದ್ದ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಕಡೆ ಮೆದುಳು ತಡವರಿಸುತ್ತದೆ, ಅಷ್ಟೆ. ವಂಶದಲ್ಲಿ ಹರಿದುಬರುವುದೂ ಉಂಟು.

ಇಂಗ್ಲಿಷ್ ಪುಸ್ತಕಗಳಲ್ಲಿ ಡಿಸ್ಲೆಕ್ಸಿಯಾ ಎಂದರೆ 'ಬಿ'ಯನ್ನು 'ಡಿ' ಎಂದು ತಿರುಗಿಸಿ ಬರೆಯುವುದು ಎಂಬ ಉದಾಹರಣೆಯೇ ಇರುತ್ತದೆ. ಹಾಗಾಗಿ ಕನ್ನಡ ಶಾಲೆಯ ಮೇಷ್ಟ್ರು, 'ನಮ್ಮ ಹುಡುಗರು ಹಾಗೆ ಮಾಡುವುದಿಲ್ಲವಲ್ಲ' ಎಂದು ಸುಮ್ಮನಾಗುತ್ತಾರೆ. ನಮ್ಮ ಲಿಪಿಯಲ್ಲಿ ಅದರ ಚಹರೆಯೇ ಬೇರೆ. ಕೊಂಬು ಬಿಡುವುದು, ದೀರ್ಘ ನುಂಗುವುದು, ಒತ್ತು ಪಕ್ಕದ ಮನೆಗೆ ಹೋಗುವುದು, ವ-ಮ-ಪಗಳು ಅಣ್ಣತಮ್ಮಂದಿರಂತೆ ಒಂದರ ಅಂಗಿ ಒಂದು ತೊಡುವುದು. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಕನ್ನಡ ಶಾಲಾ ಮಕ್ಕಳ ಓದಿನ ಮೇಲೆ ಕೆಲಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಸಿಗಲು ಸಾಮಾನ್ಯ ಮಕ್ಕಳಿಗೂ ನಾಲ್ಕನೇ ತರಗತಿಯವರೆಗೆ, ಅದರಾಚೆಗೂ ಸಮಯ ಬೇಕು ಎಂದು ತೋರಿಸಿದರು. ನಾವು ಒಂದನೇ ತರಗತಿ ಮುಗಿಯುವಷ್ಟರಲ್ಲಿ ಕಾಗುಣಿತ ಒಪ್ಪಿಸಲಿಲ್ಲವೆಂದು ಕಿವಿ ಹಿಂಡುತ್ತಿದ್ದೆವು.

ಎಷ್ಟು ಮಕ್ಕಳು? ಅಂದಾಜುಗಳು ಒಂದೊಂದು ಕಡೆ ಒಂದೊಂದು. ನೂರಕ್ಕೆ ಐದು ಎಂದು ಬಿಗಿಹಿಡಿದು ಲೆಕ್ಕ ಹಾಕಿದರೂ ನಲವತ್ತು ಮಕ್ಕಳ ಕೋಣೆಯಲ್ಲಿ ಇಬ್ಬರು. ನನ್ನ ಮೂವತ್ತಾರು ವರ್ಷದ ಸರ್ವಿಸಿಗೆ ಇದನ್ನು ಗುಣಿಸಿ ನೋಡುವ ಧೈರ್ಯ ನನಗಾಗಿಲ್ಲ. ಸರ್ಕಾರದ ಲೆಕ್ಕದಲ್ಲಂತೂ ಇವರು ಬಹುಕಾಲ ಇರಲೇ ಇಲ್ಲ. 1995ರ ಅಂಗವಿಕಲರ ಕಾಯ್ದೆ ಪಟ್ಟಿಮಾಡಿದ ಏಳು ವಿಧಗಳಲ್ಲಿ ಕಲಿಕಾ ನ್ಯೂನತೆ ಇಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆಂದು ಎಣಿಸಿತು; ಅದರಲ್ಲೂ ಈ ಮಕ್ಕಳಿಗೆಂದು ಬೇರೆ ಕಾಲಂ ಇರಲಿಲ್ಲ. 2016ರ ಕಾಯ್ದೆ ಬಂದು ಪಟ್ಟಿ 21ಕ್ಕೆ ಏರಿದಾಗಲೇ ಇವರ ಹೆಸರು ಸೇರಿದ್ದು. ಅದೇ ಕಾಯ್ದೆಯ 16ನೇ ಸೆಕ್ಷನ್, ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಕ್ರಮ ಕೈಗೊಳ್ಳುವುದು ಶಾಲೆಯ ಹೊಣೆ ಎನ್ನುತ್ತದೆ. ಶಾಲೆಯ ಹೊಣೆ, ತಂದೆತಾಯಿಯದಲ್ಲ. ಈ ಸೆಕ್ಷನ್ನನ್ನು ಒಂದು ತರಬೇತಿಯಲ್ಲಾದರೂ ಯಾರಾದರೂ ನನಗೆ ಓದಿ ಹೇಳಿದ್ದರೆ ಎಂದು ಅನಿಸುತ್ತದೆ.

ಬಿಲ್ ಪುಸ್ತಕದ ಆ ಸಂಜೆ ಇನ್ನೂ ಒಂದು ಸಂಗತಿ ತಿಳಿಯಿತು. ಅವನ ಮಗ ಐದನೇ ತರಗತಿ. "ನಮ್ಮ ವಂಶನೇ ಹಿಂಗೆ ಸಾ, ತಲೆಗೆ ಹತ್ತಲ್ಲ. ಏಳು ಮುಗೀಲಿ, ಅಂಗ್ಡಿಗೆ ಹಾಕ್ಕಂತೀನಿ" ಎಂದ. ಹುಡುಗನ ನೋಟ್ ಪುಸ್ತಕ ತರಿಸಿ ನೋಡಿದೆ. 1991ರ ಹಾಳೆಯೇ ಕಣ್ಣ ಮುಂದೆ ಬಂತು.

ಮಗನನ್ನು ಪರೀಕ್ಷೆ ಮಾಡಿಸೋಣವೆಂದು ಹೊರಟೆವು. ಜ್ವರ ನೋಡಿದಂತೆ ನೋಡಿ ಹೇಳುವ ಪರೀಕ್ಷೆ ಅಲ್ಲ ಇದು. ಮೊದಲು ದೃಷ್ಟಿ, ಶ್ರವಣ ಸರಿಯಿದೆಯೇ ಎಂದು ನೋಡಬೇಕು. ನಂತರ ಬುದ್ಧಿಮತ್ತೆಯ ಪರೀಕ್ಷೆ. ಆಮೇಲೆ ಓದು, ಬರಹ, ಲೆಕ್ಕ ಒಂದೊಂದನ್ನೂ ಅಳೆಯಬೇಕು. ಅದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸಾಧನವನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿತ್ತು. ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್‌ನಂಥ ತರಬೇತಿ ಪಡೆದವರಾಗಿರಬೇಕು. ಅವರು ಸಿಗಬೇಕೆಂದರೆ ನಮ್ಮ ಕಡೆಯವರು ಬೆಂಗಳೂರಿಗೋ ಮೈಸೂರಿಗೋ ಬಸ್ ಹತ್ತಬೇಕು. ಬೆಂಗಳೂರು ನಮಗೆ ಸುಮಾರು 140 ಕಿಲೊಮೀಟರ್. ಮೂರು ಸಲ ಹೋಗಿಬಂದೆವು. ಬಸ್ ಚಾರ್ಜು, ಊಟ, ಒಂದು ರಾತ್ರಿ ತಂಗಿದ್ದು ಎಲ್ಲ ಸೇರಿ ಆರು ಸಾವಿರ ಚಿಲ್ಲರೆ. ಅದರ ಮೇಲೆ ಬೇಸಗೆಯ ಸೀಸನ್ನಿನಲ್ಲಿ ಅವನ ಅಂಗಡಿ ನಾಲ್ಕು ದಿನ ಬಾಗಿಲು ಹಾಕಿತ್ತು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಬಂದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಸಿಗುತ್ತದೆ; ಮುಂದೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಯೂ ಉಂಟು. ಕೂಲಿ ಮಾಡುವ ಮನೆಯವರು ಇದಕ್ಕಾಗಿ ಮೂರು ಸಲ ಬೆಂಗಳೂರಿಗೆ ಹೋಗುತ್ತಾರೆಯೇ ನೀವೇ ಹೇಳಿ.

ವರದಿ ಕೈಗೆ ಬಂದ ದಿನ ಬಸ್ಸಿನಲ್ಲಿ ಅವನು ಕೇಳಿದ: "ಅಂದ್ರೆ ನಂಗೂ ಇದೇ ಇತ್ತಾ ಸಾ?" ಇದ್ದಿರಬೇಕು ಎಂದೆ. ಕುಣಿಗಲ್ ಕ್ರಾಸಿನವರೆಗೂ ಅವನು ಮಾತಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾವು ಐದು ಜನ ನಿವೃತ್ತ ಮೇಷ್ಟ್ರುಗಳು ಸೇರಿ ಒಂದು ಕೆಲಸ ಶುರುಮಾಡಿದ್ದು ಆಮೇಲೆ. ವಿಶೇಷ ಶಿಕ್ಷಣದಲ್ಲಿ ಬಿ.ಇಡಿ. ಮಾಡಿದ ಒಬ್ಬ ಹೆಣ್ಣುಮಗಳನ್ನು ತಿಂಗಳಿಗೆ ₹14,000ಕ್ಕೆ ಒಪ್ಪಿಸಿದೆವು. ಸಮುದಾಯ ಭವನದ ಹಿಂದಿನ ಕೋಣೆ ಪುಕ್ಕಟೆ ಸಿಕ್ಕಿತು. ವಾರಕ್ಕೆ ಐದು ಮಧ್ಯಾಹ್ನ, ಹನ್ನೊಂದು ಮಕ್ಕಳು, ಒಂದು ಸಲಕ್ಕೆ ಇಬ್ಬರು. ಆಕೆ ತಟ್ಟೆಯಲ್ಲಿ ಮರಳು ಹರಡಿ, ಮಗುವಿನ ಬೆರಳು ಹಿಡಿದು 'ತ' ಬರೆಸುತ್ತಾಳೆ. ಬರೆಯುತ್ತಲೇ ಬಾಯಲ್ಲಿ ಹೇಳಿಸುತ್ತಾಳೆ. ಒತ್ತನ್ನು ಬೇರೆ ಬಣ್ಣದ ರಟ್ಟಿನಲ್ಲಿ ಕತ್ತರಿಸಿ, ಅಕ್ಷರದ ಕೆಳಗೆ ಮಗುವಿನ ಕೈಯಲ್ಲೇ ಕೂರಿಸುತ್ತಾಳೆ. ಕಣ್ಣು, ಕಿವಿ, ಬಾಯಿ, ಬೆರಳು ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ಇದನ್ನು ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಶಾಸ್ತ್ರವಾಗಿ ಬೆಳೆಸಿದರಂತೆ. ನನಗೆ ಮಾತ್ರ ನಮ್ಮಜ್ಜ ಹೇಳುತ್ತಿದ್ದ ಕೂಲಿಮಠದ ಮರಳೇ ನೆನಪಾಯಿತು. (ಹಾಗೆಂದು ಕೂಲಿಮಠವನ್ನು ಹೊಗಳಲು ನಾನು ಹೊರಟಿಲ್ಲ. ಅಲ್ಲಿ ಮರಳಿನ ಜೊತೆ ಶಿಕ್ಷೆಗೆಂದು ಕೋದಂಡವೂ ತೂಗುತ್ತಿತ್ತು.)

ಇಷ್ಟಕ್ಕೆ ಬೇಕಾದದ್ದು ಆಕೆಯ ಸಂಬಳ, ಮಕ್ಕಳ ಬಸ್ ಚಾರ್ಜು, ಪರೀಕ್ಷೆಗೆ ಬೆಂಗಳೂರಿಗೆ ಹೋಗಿಬರುವ ಖರ್ಚು. ದಾನಕ್ಕೆ ನಮ್ಮ ಊರು ಹೆಸರಾದ ಊರು. ಹಾಗಾಗಿ ಸುಲಭ ಎಂದುಕೊಂಡಿದ್ದೆ.

ಕೊಬ್ಬರಿ ಮಂಡಿಯ ಒಬ್ಬ ಸಾಹುಕಾರರ ಬಳಿ ಮೊದಲು ಹೋದೆ. ಅಂಗವಿಕಲ ಮಕ್ಕಳಿಗೆ ಎಂದು ಬಾಯಿ ತೆಗೆಯುತ್ತಲೇ, "ವೀಲ್‌ಚೇರ್ ಎಷ್ಟು ಬೇಕು ಹೇಳಿ ಮೇಷ್ಟ್ರೆ, ಹಿಂದ್ಗಡೆ ಹೆಸರು ಬರೆಸಿಬಿಡ್ತೀನಿ" ಎಂದರು.

"ವೀಲ್‌ಚೇರ್ ಬೇಡ ಯಜಮಾನ್ರೆ. ಓಡಾಡೋ ಮಕ್ಕಳು."

"ಹಂಗಾದ್ರೆ ಕನ್ನಡಕವಾ? ಕಿವಿ ಮಿಷನ್ನಾ?"

"ಅದೂ ಬೇಡ. ಒಬ್ರು ಟೀಚರ್ ಸಂಬಳ ಬೇಕು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಸಂಬಳ ಕೊಟ್ರೆ ಫೋಟೊ ಹೆಂಗ್ ತೆಗೆಸೋದು?"

ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವರು ಪ್ರಾಮಾಣಿಕವಾಗಿ ಕೇಳಿದ್ದರು. ಬೇರೆಯವರು ಮನಸ್ಸಿನಲ್ಲೇ ಕೇಳಿಕೊಂಡು, "ಮುಂದಿನ ವಾರ ಬನ್ನಿ" ಎಂದರು. ವೀಲ್‌ಚೇರ್ ಬೇಡವೆಂದೂ ನಾನು ಹೇಳುವುದಿಲ್ಲ. ಅದು ಬೇಕಾದವರಿಗೆ ಬೇಕೇ ಬೇಕು. ಆದರೆ ನಮ್ಮ ದಾನದ ರೂಢಿ ವಸ್ತುವಿಗೆ ಕಟ್ಟುಬಿದ್ದಿದೆ. ದೇವಸ್ಥಾನದ ಟ್ಯೂಬ್‌ಲೈಟಿನಿಂದ ಶಾಲೆಯ ಬೀರುವಿನವರೆಗೆ ಎಲ್ಲದರ ಮೇಲೂ ದಾನಿಯ ಹೆಸರಿರಬೇಕು. ಕಲಿಕಾ ನ್ಯೂನತೆಯ ಮಗುವಿಗೆ ಕೈಯಲ್ಲಿ ಇಡುವಂಥ ವಸ್ತು ಯಾವುದೂ ಇಲ್ಲ. ಅದಕ್ಕೆ ಬೇಕಿರುವುದು ತಿಳಿದವರೊಬ್ಬರು ಎದುರು ಕೂತು ಕಳೆಯುವ ಮುಕ್ಕಾಲು ಗಂಟೆ, ಅದೂ ವರ್ಷಗಟ್ಟಲೆ. ಮಗು ನೋಡಲು ಎಲ್ಲರ ಹಾಗೇ ಇರುತ್ತದೆ. ವೇದಿಕೆಗೆ ಕರೆತಂದರೆ ಜನಕ್ಕೆ ಅಯ್ಯೋ ಅನಿಸುವುದಿಲ್ಲ. ಅಯ್ಯೋ ಅನಿಸದೆ ನಮ್ಮಲ್ಲಿ ಜೇಬು ಬಿಚ್ಚುವುದಿಲ್ಲ.

ಒಂದು 'ಸಹಾಯಾರ್ಥ ರಸಮಂಜರಿ'ಯನ್ನೂ ಮಾಡಿ ನೋಡಿದೆವು. ಶಾಮಿಯಾನ, ಮೈಕ್, ಗಾಯಕರು, ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಖರ್ಚೆಲ್ಲ ಕಳೆದು ಉಳಿದದ್ದು ₹3,150. ಶಾಲು-ಹಾರಕ್ಕೆ ಹೋದದ್ದೇ ಅದರ ಎರಡರಷ್ಟು. ಇನ್ನೊಮ್ಮೆ ಆ ಕೆಲಸಕ್ಕೆ ಕೈಹಾಕಲಿಲ್ಲ. ಕಂಪನಿಗಳ ಸಿಎಸ್ಆರ್ ಹಣ ಕೇಳಿ ಎಂದು ಯಾರೋ ಹೇಳಿದರು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ವಿಶೇಷ ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಒಂದು ಕಂಪನಿಗೆ ಬರೆದೆವು. ಅವರು ಕಳಿಸಿದ ಫಾರಂನಲ್ಲಿ 'ಒಂದು ವರ್ಷದಲ್ಲಿ ಪೂರ್ತಿ ಗುಣವಾಗುವ ಮಕ್ಕಳ ಸಂಖ್ಯೆ' ಎಂಬ ಕಾಲಂ ಇತ್ತು. ಇದು ಗುಣವಾಗುವ ಕಾಯಿಲೆಯಲ್ಲ, ಮಕ್ಕಳು ಬೇರೆ ದಾರಿಯಲ್ಲಿ ಓದಲು ಕಲಿಯುತ್ತಾರೆ ಎಂದು ನಿಜ ಬರೆದೆವು. ಹಣ ಬರಲಿಲ್ಲ. ಶಾಲೆಗೆ ಒಂದು ಸ್ಮಾರ್ಟ್ ಟಿವಿ ಬಂತು.

ಗುಣಪಡಿಸುತ್ತೇವೆ ಎನ್ನುವವರಿಗೆ ಮಾತ್ರ ದುಡ್ಡಿನ ಬರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದನ್ನು ಕಲಿಸುತ್ತೇವೆಂಬ 'ಮಿಡ್‌ಬ್ರೇನ್ ಆಕ್ಟಿವೇಶನ್' ನೆನಪಿರಬಹುದು. ಬಟ್ಟೆಯ ಸಂದಿಯಲ್ಲಿ ಮಕ್ಕಳು ಇಣುಕುತ್ತಾರೆಂದು ಮಂಗಳೂರಿನ ನರೇಂದ್ರ ನಾಯಕ್ ಊರೂರು ಸುತ್ತಿ ತೋರಿಸಿದರು. ನಮ್ಮ ಹನ್ನೊಂದು ಮಕ್ಕಳಲ್ಲಿ ಒಬ್ಬಳ ತಾಯಿ ಅಂಥದೇ ಒಂದು ಕೋರ್ಸಿಗೆ ಬಳೆ ಅಡವಿಟ್ಟಿದ್ದಳು. ಕಟ್ಟಿದ ಹಣ ನಮ್ಮ ಟೀಚರಿನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಜಾಗೃತಿ ಮೂಡಿಸಿ, ಹಣ ತಾನಾಗಿ ಬರುತ್ತದೆ ಎನ್ನುವವರಿದ್ದಾರೆ. 2007ರ ಕೊನೆಗೆ ಆಮಿರ್ ಖಾನ್ ಅವರ 'ತಾರೆ ಜಮೀನ್ ಪರ್' ಬಂದಾಗ ನಮ್ಮ ಶಾಲೆಯಲ್ಲಿ ಟಿವಿ ತರಿಸಿ ತೋರಿಸಿದೆವು. ಅರ್ಧ ಸ್ಟಾಫ್ ರೂಮು ಅತ್ತಿತು, ನಾನೂ ಅತ್ತೆ. ಮಾರನೆಯ ದಿನ ಒತ್ತಕ್ಷರ ತಪ್ಪಿದವರನ್ನು ಎಂದಿನಂತೆ ಬೆಂಚಿನ ಮೇಲೆ ನಿಲ್ಲಿಸಿದ್ದೆವು. ಆ ಸಿನಿಮಾದ ಮೇಷ್ಟ್ರು ಏನು ಮಾಡಿದರೆಂದು ನೋಡಿದ್ದೆವು. ಅದನ್ನು ಮಾಡುವುದು ಹೇಗೆಂದು ನಮಗೆ ಕಲಿಸಿಕೊಡುವವರಿರಲಿಲ್ಲ. ಈಚಿನ ವರ್ಷಗಳಲ್ಲಿ ಅಕ್ಟೋಬರ್ ಬಂದರೆ ಡಿಸ್ಲೆಕ್ಸಿಯಾ ಜಾಗೃತಿಗೆಂದು ದೆಹಲಿಯ ದೊಡ್ಡ ಕಟ್ಟಡಗಳಿಗೆ ಕೆಂಪು ದೀಪ ಹಾಕುತ್ತಾರೆ. ಹಾಕಲಿ, ಚೆಂದವೇ. ಪೋಸ್ಟರಿನಲ್ಲಿ ಐನ್‌ಸ್ಟೈನ್ ಪಟ ಹಾಕುವುದನ್ನು ಮಾತ್ರ ಬಿಟ್ಟರೆ ಒಳ್ಳೆಯದು. ಅವರಿಗೆ ಡಿಸ್ಲೆಕ್ಸಿಯಾ ಇತ್ತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇದ್ದರೂ ನಮ್ಮ ಹುಡುಗ ಐನ್‌ಸ್ಟೈನ್ ಆಗಬೇಕಿಲ್ಲ. ತನ್ನ ಬಿಲ್ ತಾನು ಬರೆದರೆ ಸಾಕು.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ನೀವು ಕೇಳುತ್ತೀರಿ. ಹೌದು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಒಬ್ಬೊಬ್ಬರು ಎಷ್ಟೋ ಶಾಲೆ ಸುತ್ತಬೇಕು. ಹಾಸಿಗೆ ಬಿಟ್ಟೇಳದ ಮಗುವಿನ ಮನೆಗೂ ಅವರೇ ಹೋಗಬೇಕು, ಹಾಗಿರುವಾಗ ಒತ್ತಕ್ಷರದ ಹುಡುಗನಿಗೆ ಸಮಯ ಎಲ್ಲಿಂದ ತಂದಾರು? ನ್ಯಾಷನಲ್ ಟ್ರಸ್ಟಿನ ಒಂದು ಲಕ್ಷದ 'ನಿರಾಮಯ' ವಿಮೆ ಇದೆ. ಥೆರಪಿಗೂ ಹಣ ಸಿಗುತ್ತದೆ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹು ಅಂಗವೈಕಲ್ಯಕ್ಕೆ ಮಾತ್ರ. ನಮ್ಮ ಮಕ್ಕಳು ಅದರಿಂದಲೂ ಹೊರಗೆ. ಆದ್ದರಿಂದ ಹುದ್ದೆ ತುಂಬಿ ಎಂದು ಶಾಸಕರಿಗೆ ಮನವಿ ಕೊಡುವುದನ್ನೂ ನಾವು ಬಿಟ್ಟಿಲ್ಲ, ಮಂಡಿಯ ಮೆಟ್ಟಿಲು ಹತ್ತುವುದನ್ನೂ ಬಿಟ್ಟಿಲ್ಲ. ಐದನೇ ತರಗತಿಯ ಹುಡುಗ ಸರ್ಕಾರದ ಆದೇಶ ಬರುವವರೆಗೆ ಐದನೇ ತರಗತಿಯಲ್ಲೇ ಕಾಯುವುದಿಲ್ಲ.

ಆ ಸಾಹುಕಾರರು ಕೊನೆಗೂ ಕೊಟ್ಟರು. ಮೂರು ತಿಂಗಳ ಸಂಬಳ, ಒಂದೇ ಕಂತಿನಲ್ಲಿ. ಕೋಣೆಯ ಬಾಗಿಲ ಮೇಲೆ ಅವರ ಅಂಗಡಿಯ ಹೆಸರಿನ ಬೋರ್ಡ್ ಇರಬೇಕೆಂದರು. ನಾಚಿಕೆಯಿಲ್ಲದೆ ಒಪ್ಪಿಕೊಂಡೆ. ದೊಡ್ಡ ಅಕ್ಷರದಲ್ಲಿ, ನೀಲಿ ಬಣ್ಣದಲ್ಲಿ ಬರೆಸಿದೆವು; 'ಟ್ರೇಡರ್ಸ್' ಎಂಬ ಪದ ಎದ್ದು ಕಾಣುತ್ತದೆ. ವೈಂಡಿಂಗ್ ಅಂಗಡಿಯವನ ಮಗ ಎರಡು ತಿಂಗಳು ಅದರ ಕೆಳಗೆ ನಡೆದಾಡಿದ. ಡಿಸೆಂಬರ್‌ನ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತ 'ಟ್ರೇ' ಅಂದ. 'ಡರ್' ಅಂದ. ತಡೆದು, ಸಕಾರವನ್ನು ಅರ್ಕಾವತ್ತಿನ ಜೊತೆ ಕೂಡಿಸಿಕೊಂಡು ಪೂರ್ತಿ ಓದಿದ. ಸಾಹುಕಾರರಿಗೆ ಫೋನ್ ಮಾಡಿ ಹೇಳಿದೆ. "ಫೋಟೊ ತೆಗೆದ್ರಾ?" ಎಂದರು. ತೆಗೆದಿರಲಿಲ್ಲ.

ಓದುಗರಲ್ಲಿ ಕೇಳುವುದು ಇಷ್ಟೆ. ಈ ವರ್ಷ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ನಿಮ್ಮೂರ ಶಾಲೆಗೆ ಏನಾದರೂ ಕೊಡಬೇಕೆನಿಸಿದರೆ, ತಟ್ಟೆ-ಲೋಟ, ಫ್ಯಾನು ಕೊಡುವ ಮೊದಲು ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತು, ಮಾತಿನಲ್ಲಿ ಚುರುಕಾಗಿದ್ದೂ ಓದಲು ಬಾರದ ಮಕ್ಕಳು ಯಾರು ಎಂದು ಕೇಳಿ. ಅವರನ್ನು ಪರೀಕ್ಷೆಗೆ ಕರೆದೊಯ್ಯುವ ಬಸ್ ಚಾರ್ಜು ಕೊಡಿ. ಸಾಧ್ಯವಾದರೆ ನಾಲ್ಕು ಮನೆಯವರು ಸೇರಿ ಒಬ್ಬ ಟೀಚರಿನ ಸಂಬಳ ಹೊರಿ. ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ. ರಸೀದಿ ಕೇಳಿ ಪಡೆಯಿರಿ, ಲೆಕ್ಕ ಕೇಳಿ, ಬೋರ್ಡ್ ಬೇಕಿದ್ದರೆ ಅದನ್ನೂ ಕೇಳಿ.

ನಮ್ಮ ಕೋಣೆಯಲ್ಲಿ ಈಗ ಹನ್ನೊಂದು ಮಕ್ಕಳಿದ್ದಾರೆ, ಇನ್ನೂ ಒಂಬತ್ತು ಹೆಸರು ಕಾಯುವ ಪಟ್ಟಿಯಲ್ಲಿವೆ. ಟೀಚರಿನ ಸಂಬಳಕ್ಕೆ ಮಾರ್ಚ್‌ವರೆಗೆ ಹಣ ಇದೆ, ಏಪ್ರಿಲ್‌ಗೆ ಇಲ್ಲ.